ಪದವಿ ಇಲ್ಲದ ನೌಕಾಶಿಲ್ಪಿ

ಆಸ್ಟ್ರೇಲಿಯದ ಬೆನ್ ಲೆಕ್ಸೆನ್ 14ನೆಯ ವಯಸ್ಸಿನಲ್ಲೇ ಶಾಲೆ ಬಿಟ್ಟು ರೈಲ್ವೆ ಎಂಜಿನ್ನುಗಳ ಕೆಲಸ ಕಲಿತವರು; ಮುಂದೆ ಹಾಯಿದೋಣಿಯ ಪಂದ್ಯಗಾರರಾಗಿಯೂ ವಿನ್ಯಾಸಕಾರರಾಗಿಯೂ ಹೆಸರಾದರು. 'ಆಸ್ಟ್ರೇಲಿಯ-2' ನೌಕೆಯ ಅಡಿಯಲ್ಲಿ ಇಳಿಬಿದ್ದ ಸೀಸದ ಅಲಗಿಗೆ ರೆಕ್ಕೆ ಜೋಡಿಸುವ ವಿನ್ಯಾಸವನ್ನು ನೆದರ್ಲೆಂಡ್ಸಿನಲ್ಲಿ ಡಚ್ ತಜ್ಞರೊಡನೆ, ನೀರಿನ ತೊಟ್ಟಿಯಲ್ಲಿ ಮಾದರಿಗಳನ್ನಿಟ್ಟು ಪರೀಕ್ಷಿಸಿದರು. 1983ರಲ್ಲಿ ಆ ನೌಕೆ 7 ಪಂದ್ಯಗಳಲ್ಲಿ 4ನ್ನು ಗೆದ್ದು, 132 ವರ್ಷ ಅಮೆರಿಕನ್ನರ ಕೈಯಲ್ಲಿದ್ದ 'ಅಮೆರಿಕಾಸ್ ಕಪ್' ಪಡೆಯಿತು.

ಹಾಗೆಂದು ಪದವಿ ವ್ಯರ್ಥವೆನ್ನಲಾರೆ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಆದರೆ ಓದಿದವನು ಹೇಳಬೇಕು, ಓದದವನು ಕೇಳಬೇಕು ಎಂಬ ರೂಢಿ ನಮ್ಮಲ್ಲಿ ಬೇರೂರಿದೆ. ಆ ತೊಟ್ಟಿಯ ನೀರು ಯಾರ ಪದವಿಯನ್ನೂ ವಿಚಾರಿಸಲಿಲ್ಲ. ನಾಳೆ ಅಧಿಕಾರದ ಕುರ್ಚಿಯಲ್ಲಿ ಕೂಡುವ ಮಿತ್ರರೇ, ಬಡಗಿ ಕಮ್ಮಾರರ ಸಲಹೆಯನ್ನು ಪರೀಕ್ಷಿಸದೆ ತಳ್ಳಿಹಾಕಬೇಡಿರಿ.