ಹಿಡಿದ ಮೀನನ್ನು ಯಾವ ನೀರಿಗೆ ಬಿಡುವುದು?

ಬಾಸ್ ಮೀನಿಗೆ ಗಾಳ ಹಾಕುವುದನ್ನು ಕಲಿಯಬೇಕೆಂಬ ಆಸೆ ನಮ್ಮ ಕಡೆಯ ಕೆಲವು ಯುವಕರಲ್ಲಿಯೂ ಮೂಡಿರಬಹುದು. ಅಮೆರಿಕದ ಕೆರೆಗಳ ದೃಶ್ಯಗಳನ್ನು ಮೊಬೈಲಿನಲ್ಲಿ ಕಂಡವರಿಗೆ ಅದು ಸಹಜ; ಹೀಯಾಳಿಸುವ ಮಾತೇನೂ ಇಲ್ಲ. ಆದರೆ ಹೊಸಬರಿಗೆ ಕೋಲು, ದಾರ, ರಾಟೆಗಳ ಪಾಠ ಹೇಳುವವರು ಅದಕ್ಕೂ ಮೊದಲಿನ ಪ್ರಶ್ನೆಯೊಂದನ್ನು ಕೈಬಿಡುತ್ತಾರೆ: ಈ ಮೀನು ಯಾವ ನೀರಿನದು?

ದೊಡ್ಡಬಾಯಿಯ ಬಾಸ್ ಉತ್ತರ ಅಮೆರಿಕದ ಪೂರ್ವ ಭಾಗದ ಮೀನು. ಮುಳುಗಿದ ದಿಮ್ಮಿ, ಜೊಂಡಿನ ಅಂಚು, ನೆರಳು ಇವುಗಳ ಮರೆಯಲ್ಲಿ ಹೊಂಚುಹಾಕಿ ಬೇಟೆಯಾಡುವುದು ಅದರ ಸ್ವಭಾವ. ಆದ್ದರಿಂದ ಅಲ್ಲಿನ ಹೊಸಬರಿಗೆ ದುಬಾರಿ ದೋಣಿ ಬೇಕಿಲ್ಲ. ರಾಜ್ಯದ ಪರವಾನಗಿ, ಸಾಧಾರಣ ಕೋಲು, ಮೆತ್ತನೆಯ ಪ್ಲಾಸ್ಟಿಕ್ ಹುಳು, ದಡದಲ್ಲಿ ನಿಂತು ಈ ಅಂಚುಗಳನ್ನು ಗಮನಿಸುವ ತಾಳ್ಮೆ ಸಾಕು. ವಸಂತದಲ್ಲಿ ಗಂಡು ಮೀನು ತೆಳುನೀರಿನಲ್ಲಿ ಗೂಡು ಮಾಡಿ ಮೊಟ್ಟೆಗಳನ್ನು ಕಾಯುತ್ತದೆ. ಆಗ ಅದನ್ನು ಎಳೆದುಕೊಂಡರೆ ಬ್ಲೂಗಿಲ್‌ನಂಥ ಮೀನುಗಳು ಮೊಟ್ಟೆಗಳನ್ನು ತಿಂದುಹಾಕುತ್ತವೆ. ಗೂಡಿನ ಮೀನನ್ನು ಕೆಣಕದಿರುವುದು, ಸಿಕ್ಕಿದ್ದನ್ನು ಒದ್ದೆಗೈಯಲ್ಲಿ ಹಿಡಿದು ಬೇಗನೆ ನೀರಿಗೆ ಬಿಡುವುದು ಅಲ್ಲಿಯ ಒಳ್ಳೆಯ ಗಾಳಗಾರರ ನಡತೆ.

ಜಪಾನಿನ ಬಿವಾ ಸರೋವರದಲ್ಲಿ ಹಾಗೆ ಬಿಡುವುದೇ ನಿಷಿದ್ಧ. 1925ರಲ್ಲಿ ಅಮೆರಿಕದಿಂದ ತಂದು ಆಶಿ ಸರೋವರಕ್ಕೆ ಬಿಟ್ಟ ಬಾಸ್, 1970ರ ದಶಕದಲ್ಲಿ ಬಿವಾದಲ್ಲಿ ಕಾಣಿಸಿಕೊಂಡಿತು. ಅಲ್ಲಿಯ ಸಣ್ಣ ಮೀನುಗಳು ಅದರ ಹೊಟ್ಟೆ ಸೇರಿದವು. ಅನ್ನದೊಡನೆ ಹುಳಿಬರಿಸಿ ಮಾಡುವ ಫುನಾಜುಷಿ ಎಂಬ ಹಳೆಯ ಖಾದ್ಯಕ್ಕೆ ಬೇಕಾದ ನಿಗೊರೊಬುನಾ ಮೀನು ವಿರಳವಾಯಿತು. ದಡದ ಜೊಂಡು ನಾಶವಾದದ್ದೂ ಅದಕ್ಕೆ ಕಾರಣವೆನ್ನಬೇಕು. ಎಲ್ಲ ಪಾಪವನ್ನೂ ಒಂದೇ ಮೀನಿನ ತಲೆಗೆ ಕಟ್ಟುವುದು ನ್ಯಾಯವಲ್ಲ. ಹಿಡಿದ ಬಾಸನ್ನು ಮರಳಿ ಬಿಡಬಾರದೆಂಬ ನಿಯಮವನ್ನು ಶಿಗಾ ಪ್ರಾಂತವು 2003ರಲ್ಲಿ ಜಾರಿಗೆ ತಂದಿತು. 2005ರಿಂದ ದೇಶದ ಕಾನೂನು ಅದರ ಸಾಕಣೆ, ಸಾಗಣೆಗಳನ್ನೂ ನಿರ್ಬಂಧಿಸಿದೆ. ಇಷ್ಟಾಗಿಯೂ 1932ರಲ್ಲಿ ಜಾರ್ಜಿಯಾದಲ್ಲಿ ಸಿಕ್ಕಿದ ಸುಮಾರು 10 ಕಿಲೋ ತೂಕದ ಬಾಸ್‌ನ ವಿಶ್ವದಾಖಲೆಯನ್ನು 2009ರಲ್ಲಿ ಸರಿಗಟ್ಟಿದ್ದು ಬಿವಾದ ಮೀನು! ಹೊರಗಿನದು ಅಲ್ಲಿ ಎಷ್ಟು ಕೊಬ್ಬಿತೆಂಬುದಕ್ಕೆ ಬೇರೆ ಸಾಕ್ಷಿ ಏಕೆ?

ಇದು ಪರದೇಶದ ಕಥೆಯೆಂದು ಸುಮ್ಮನಿರುವಂತಿಲ್ಲ. ಕಾವೇರಿಯ ಗೂನುಬೆನ್ನಿನ ಮಹಶೀರ್ ಈ ನದಿ ವ್ಯವಸ್ಥೆಯಲ್ಲಲ್ಲದೆ ಬೇರೆಲ್ಲಿಯೂ ಇಲ್ಲ. ಮಹಶೀರ್ ಉಳಿಯಲಿ, ಗಾಳಕ್ಕೂ ಸಿಗಲಿ ಎಂಬ ಒಳ್ಳೆಯ ಉದ್ದೇಶದಿಂದಲೇ ಬೇರೆ ಜಾತಿಯ ನೀಲಿ ರೆಕ್ಕೆಯ ಮಹಶೀರ್ ಮರಿಗಳನ್ನು ಅದೇ ನೀರಿಗೆ ಬಿಡಲಾಯಿತು. ಬಂದದ್ದು ಹೆಚ್ಚಿತು, ಮೂಲದ್ದು ಕ್ಷೀಣಿಸಿತು. 2018ರಲ್ಲಿ ಅದು ತೀವ್ರ ಅಪಾಯದಂಚಿನ ಜೀವಿಗಳ ಪಟ್ಟಿಗೆ ಸೇರಿತು. ಶೃಂಗೇರಿಯಲ್ಲಿ, ಶಿಶಿಲದಲ್ಲಿ ದೇವರ ಮೀನೆಂದು ಕೈಮುಗಿಯುವ ನಾವು ಕೆಳಗಿನ ಹೊಳೆಗೆ ಯಾರು ಏನು ಸುರಿದರೆಂದು ಕೇಳುವುದಿಲ್ಲ.

ಬಾಸ್ ಹಿಡಿಯುವ ಆಸೆಯಿದ್ದವರು ಅದರ ತವರಿಗೆ ಹೋದಾಗ ಹಿಡಿಯಲಿ. ಇಲ್ಲಿ ಯಾರಾದರೂ ಮೋಜಿಗೋ ಪ್ರವಾಸೋದ್ಯಮಕ್ಕೋ ಹೊಸ ಮೀನುಮರಿ ತಂದರೆ, ನೀರಿಗೆ ಬಿಡುವ ಮೊದಲೇ ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಯ ಮುಂದೆ ವಿಷಯ ಬರಬೇಕು. ಸಮಿತಿಯ ದಾಖಲೆಯಲ್ಲಿ ನಮ್ಮ ಹಳ್ಳದ ಮೀನುಗಳ ಹೆಸರೇ ಇಲ್ಲದಿದ್ದರೆ ವಾದಕ್ಕೆ ಆಧಾರವೆಲ್ಲಿ? ಈ ಮಳೆಗಾಲದ ಹತ್ತುಮೀನಿನ ಸಮಯದಲ್ಲಿ ವಿದ್ಯಾರ್ಥಿಗಳು ಊರಿನ ಹಿರಿಯರೊಡನೆ ಕುಳಿತು ಆ ಹೆಸರುಗಳನ್ನು ಬರೆದುಕೊಳ್ಳಲಿ.