ಹಿರಿಯರ ಎಲುಬು ಬಿತ್ತನೆ ಬೀಜವಲ್ಲ

2025ರ ಏಪ್ರಿಲ್‌ನಲ್ಲಿ ಬಿಳಿ ತೋಳದ ಮರಿಗಳ ವಿಡಿಯೊ ನಿಮ್ಮ ಫೋನಿಗೂ ಬಂದಿರಬೇಕು. ಅಮೆರಿಕದ ಕೊಲೊಸಲ್ ಬಯೋಸೈನ್ಸಸ್ ಎಂಬ ಕಂಪನಿ, ಸುಮಾರು 10,000 ವರ್ಷಗಳ ಹಿಂದೆ ಅಳಿದುಹೋದ ಡೈರ್ ವುಲ್ಫ್ ಎಂಬ ತೋಳವನ್ನು ಮತ್ತೆ ಹುಟ್ಟಿಸಿದ್ದೇವೆ ಎಂದು ಸಾರಿತು. ಅದರ ಬೆನ್ನಿಗೇ ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಇನ್ನೊಂದು ಮಾತು ಶುರುವಾಯಿತು. ತೋಳ ಬಂದಮೇಲೆ ಮನುಷ್ಯ ಯಾಕೆ ಬರಬಾರದು? ಹರಪ್ಪದವರನ್ನು ಎಬ್ಬಿಸಬಹುದು, ಬನವಾಸಿಯ ಕದಂಬರನ್ನೇ ಎಬ್ಬಿಸಬಹುದು, ಮಯೂರವರ್ಮ ಬಂದು ಶಿರಸಿ ಬಸ್‌ಸ್ಟ್ಯಾಂಡಿನಲ್ಲಿ ಇಳಿಯಬಹುದು!

ನಗುವ ವಿಷಯ ಎಂದು ನಾವೂ ಮೊದಲು ಸುಮ್ಮನಿದ್ದೆವು. ಆದರೆ ಈ ತಮಾಷೆಯ ಹಿಂದೆ ಒಂದು ನಂಬಿಕೆ ಕೂತಿದೆ. ಸತ್ತವರ ಎಲುಬು, ಬದುಕಿರುವವರ ರಕ್ತ, ಹೆಣ್ಣಿನ ಬಸಿರು, ಇವೆಲ್ಲ ಕಚ್ಚಾಮಾಲು, ಯಾರನ್ನೂ ಕೇಳದೆ ಎತ್ತಿಕೊಳ್ಳಬಹುದು ಎಂಬ ನಂಬಿಕೆ. ಅದನ್ನು ನಾವು ಒಪ್ಪುವುದಿಲ್ಲ.

ಮೊದಲು ತೋಳದ ಕತೆ ಮುಗಿಸೋಣ. ಆ ಕಂಪನಿ ಮಾಡಿದ್ದು ಇಷ್ಟು: ಈಗಿನ ಬೂದು ತೋಳದ ಜೀವಕೋಶ ತೆಗೆದುಕೊಂಡು, 14 ಜೀನ್‌ಗಳಲ್ಲಿ 20 ಕಡೆ ತಿದ್ದಿ, ಸಾಕುನಾಯಿಗಳ ಹೊಟ್ಟೆಯಲ್ಲಿ ಬೆಳೆಸಿದ್ದು. ಹುಟ್ಟಿದ್ದು ತಿದ್ದಿದ ಬೂದು ತೋಳ. ಪಕ್ಕದ ಮನೆಯ ಗೋಡೆಗೆ ನಮ್ಮ ಅಜ್ಜನ ಮನೆಯ ಬಣ್ಣ ಹೊಡೆದು, ಅಜ್ಜನ ಮನೆ ಎದ್ದು ನಿಂತಿತು ಎಂದ ಹಾಗೆ.

ಕ್ಲೋನಿಂಗ್ ನಮ್ಮವರಿಗೆ ಹೊಸತೇನಲ್ಲ. ತೋಟದಲ್ಲಿರುವ ಟಿಶ್ಯೂ ಕಲ್ಚರ್ ಬಾಳೆ ತದ್ರೂಪಿಯೇ, ಒಳ್ಳೆಯ ಅಪ್ಪೆಮಿಡಿ ಮರದಿಂದ ಕಟ್ಟಿದ ಕಸಿ ಗಿಡವೂ ತದ್ರೂಪಿಯೇ. ಆದರೆ ಕಸಿಗೆ ಜೀವ ಇರುವ ಕುಡಿ ಬೇಕು. ಒಲೆಗೆ ಹಾಕಿದ ಕಟ್ಟಿಗೆಯಿಂದ ಯಾರೂ ಕಸಿ ಕಟ್ಟಿದ್ದಿಲ್ಲ. ಡಾಲಿ ಎಂಬ ಕುರಿ 1996ರಲ್ಲಿ ಹುಟ್ಟಿದ್ದು ಜೀವಂತ ಕೋಶದಿಂದ, ಅದೂ 277 ಪ್ರಯತ್ನಗಳಲ್ಲಿ ಒಂದು. ಹಳೆಯ ಎಲುಬಿನಲ್ಲಿ ಸಿಗುವುದು ಚೂರುಚೂರಾದ ಡಿಎನ್‌ಎ. ಸೆಕೆ, ಮಳೆ ಹೆಚ್ಚಿರುವಲ್ಲಿ ಅದೂ ಉಳಿಯುವುದಿಲ್ಲ. ಹರಿಯಾಣದ ರಾಖಿಗಢಿಯಲ್ಲಿ 60ಕ್ಕೂ ಹೆಚ್ಚು ಅಸ್ಥಿ ಮಾದರಿ ಜಾಲಾಡಿದ ಮೇಲೆ ಒಬ್ಬಳೇ ಒಬ್ಬ ಹೆಂಗಸಿನದು ಓದಲು ಸಿಕ್ಕಿತು, ಅದೂ ಅರೆಬರೆ. ಆ ಫಲಿತಾಂಶ 2019ರಲ್ಲಿ ಪ್ರಕಟವಾಯಿತು. ಅದಕ್ಕಿಂತ ಹೆಚ್ಚು ಮಳೆ ಹೊಡೆಯುವ ನಮ್ಮ ಘಟ್ಟದ ಹುಳಿಮಣ್ಣಿನಲ್ಲಿ ಎಷ್ಟು ಸಿಕ್ಕೀತು, ನೀವೇ ಅಂದಾಜು ಮಾಡಿ.

'ಇವತ್ತಲ್ಲ, ನಾಳೆ ಆಗುತ್ತದೆ' ಎನ್ನುವವರಿದ್ದಾರೆ. ಆಗಲಿ ಎಂದೇ ಇಟ್ಟುಕೊಳ್ಳೋಣ. ಹೊರುವವಳು ಯಾರು?

2013ರಲ್ಲಿ ಹಾರ್ವರ್ಡ್‌ನ ಜಾರ್ಜ್ ಚರ್ಚ್, ಇದೇ ಕೊಲೊಸಲ್ ಕಂಪನಿಯನ್ನು ಮುಂದೆ ಕಟ್ಟಿದವರಲ್ಲಿ ಒಬ್ಬರು, ಜರ್ಮನಿಯ ಪತ್ರಿಕೆಯೊಂದಕ್ಕೆ ಸಂದರ್ಶನ ಕೊಟ್ಟರು. ನಿಯಾಂಡರ್ತಾಲ್ ಎಂಬ ಪುರಾತನ ಮಾನವರ ಮಗುವನ್ನು ಹೊರಲು 'ಸಾಹಸಿ' ಹೆಣ್ಣೊಬ್ಬಳು ಬೇಕಾದೀತು ಎಂಬ ಮಾತು ಅಲ್ಲಿ ಬಂತು. ತಾಯಿ ಬೇಕಾಗಿದ್ದಾಳೆ ಎಂದೇ ಜಗತ್ತಿನ ಪತ್ರಿಕೆಗಳು ಬರೆದವು. ತಾನು ಹುಡುಕುತ್ತಿಲ್ಲ ಎಂದು ಅವರು ಆಮೇಲೆ ಹೇಳಬೇಕಾಯಿತು. ಸಾಹಸಿ! ಬಾಡಿಗೆ ತಾಯ್ತನ ನಮ್ಮ ದೇಶದಲ್ಲಿ ವರ್ಷಾನುಗಟ್ಟಲೆ ವ್ಯಾಪಾರವಾಗಿ ನಡೆಯಿತು. ಆ ಆಸ್ಪತ್ರೆಗಳ ಹಾಸ್ಟೆಲಿನಲ್ಲಿ ಒಂಬತ್ತು ತಿಂಗಳು ಮಲಗಿದವರು ಸಾಹಸಕ್ಕೆ ಹೋದವರೇ? ಸಾಲ ತೀರಿಸಲು, ಮನೆಗೊಂದು ಸೂರು ಹಾಕಲು ಹೋದ ಬಡ ಹೆಂಗಸರು. ಹಣಕ್ಕಾಗಿ ಬಸಿರು ಕೊಡುವುದನ್ನು ಸರ್ಕಾರ ನಿಷೇಧಿಸಿದ್ದು 2021ರ ಕಾನೂನಿನಲ್ಲಿ. ಮನುಷ್ಯರನ್ನು ಕ್ಲೋನ್ ಮಾಡಿ ಹುಟ್ಟಿಸಬಾರದೆಂದು ಐಸಿಎಂಆರ್ ಮಾರ್ಗಸೂಚಿಯೂ ಇದೆ, ಆದರೆ ಮಾರ್ಗಸೂಚಿ ಎಂದರೆ ಸಂಸತ್ತು ಮಾಡಿದ ಕಾನೂನಲ್ಲ. ತದ್ರೂಪಿ ಪ್ರಾಣಿಗಳಲ್ಲಿ ಹುಟ್ಟಿದ ತಕ್ಷಣ ಸಾಯುವವು ಇವೆ. ಸ್ಪೇನ್‌ನಲ್ಲಿ ಅಳಿದುಹೋದ ಕಾಡುಮೇಕೆಯ ತದ್ರೂಪಿ 2003ರಲ್ಲಿ ಹುಟ್ಟಿ, ಶ್ವಾಸಕೋಶದ ದೋಷದಿಂದ ಕೆಲವೇ ನಿಮಿಷದಲ್ಲಿ ಸತ್ತಿತು. ಮಗುವಿಗೆ ಹಾಗಾದರೆ?

ಬದುಕಿತು ಎನ್ನಿ. ಆ ಮಗು ಯಾರ ಮನೆಯದು? ಅದರ ರಕ್ತ ತೆಗೆಯುವವರು, ಫೋಟೊ ಹೊಡೆಯುವವರು, ಅಳತೆ ಹಿಡಿಯುವವರು ದಿನಾ ಬಂದಾರು. ಶಾಲೆಯಲ್ಲಿ ಹೆಸರು ಹಚ್ಚುವಾಗ ತಂದೆಯ ಹೆಸರಿನ ಜಾಗದಲ್ಲಿ ಏನು ಬರೆಯುವುದು? ಕಂಪನಿಯ ಹೆಸರೇ?

ಇದೆಲ್ಲ ದೂರದ ಮಾತು ಅನ್ನಿಸಿದರೆ ಯಲ್ಲಾಪುರದ ಕಡೆ ತಿರುಗಿ ನೋಡಿ. ಒಬ್ಬರ ರಕ್ತ ನೋಡಿ ಅವರ ಬದುಕು ಹೀಗೇ ಇರಬೇಕು ಎಂದು ಹೊರಗಿನವರು ತೀರ್ಮಾನಿಸಿದರೆ ಏನಾಗುತ್ತದೆ ಎಂಬುದು ಅಲ್ಲಿನ ಸಿದ್ದಿ ಕೇರಿಗಳಿಗೆ ಗೊತ್ತು. 1987ರಲ್ಲಿ ಕ್ರೀಡಾ ಪ್ರಾಧಿಕಾರದ ಯೋಜನೆಯೊಂದು ಬಂತು. ಪೂರ್ವಜರು ಆಫ್ರಿಕದವರು, ಆದ್ದರಿಂದ ಓಡುತ್ತಾರೆ, ಜಿಗಿಯುತ್ತಾರೆ, ಒಲಿಂಪಿಕ್ ಪದಕ ತರುತ್ತಾರೆ ಎಂಬ ಲೆಕ್ಕ. ಮಕ್ಕಳನ್ನು ಆರಿಸಿ ಹಾಸ್ಟೆಲಿಗೆ ಕರೆದೊಯ್ದರು. ಕೆಲವರು ನಿಜವಾಗಿಯೂ ಪದಕ ತಂದರು, ಕೆಲವರಿಗೆ ನೌಕರಿಯೂ ಸಿಕ್ಕಿತು, ಅದನ್ನು ಮರೆಮಾಚುವುದಿಲ್ಲ. ಆದರೆ 1993ರ ಹೊತ್ತಿಗೆ ಯೋಜನೆ ನಿಂತಿತು. ಅರ್ಧ ಓದು, ಅರ್ಧ ಓಟ ಬಿಟ್ಟು ಊರಿಗೆ ಬಂದವರು ಮತ್ತೆ ಕೂಲಿಗೆ ಹೋದರು. ಆ ಮಕ್ಕಳಿಗೆ ಏನಾಗಬೇಕೆಂದಿತ್ತು ಎಂಬುದು ಯಾರ ಲೆಕ್ಕದಲ್ಲೂ ಇರಲಿಲ್ಲ. ಇದೇ ಸಮುದಾಯಕ್ಕೆ ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿ ಜಾಗ ಸಿಗಲು 2003ರವರೆಗೆ ಕಾಯಬೇಕಾಯಿತು. ಪದಕ ತರುವ ರಕ್ತ 1987ರಲ್ಲೇ ಕಣ್ಣಿಗೆ ಬಿದ್ದಿತ್ತು, ಹಕ್ಕು ಕೇಳುವ ಜನ ಕಾಣಲು ಇನ್ನೂ 16 ವರ್ಷ ಬೇಕಾಯಿತು.

2011ರಲ್ಲಿ ಹೈದರಾಬಾದಿನ ಸಿಸಿಎಂಬಿಯ ವಿಜ್ಞಾನಿಗಳು ಮತ್ತು ಅವರ ಸಂಗಡಿಗರು ಕರ್ನಾಟಕ, ಗುಜರಾತಿನ ಸಿದ್ದಿಗಳ ಡಿಎನ್‌ಎ ಅಧ್ಯಯನ ಪ್ರಕಟಿಸಿದರು. ಆಫ್ರಿಕದ ಬಂಟು ಭಾಷಿಕರ ನಂಟು, ಇಲ್ಲಿಯವರ ನಂಟು, ಸ್ವಲ್ಪ ಯುರೋಪಿನ ನಂಟು ಅದರಲ್ಲಿ ಕಂಡಿತು. ಒಳ್ಳೆಯ ಕೆಲಸ. ಗುಲಾಮರಾಗಿ ಹಡಗು ಹತ್ತಿದವರ ಕತೆಯನ್ನು ದಾಖಲೆ ಹೇಳದಿದ್ದಾಗ ರಕ್ತ ಹೇಳಿತು. ವಿಜ್ಞಾನಕ್ಕೆ ನಮ್ಮ ವಿರೋಧವಿಲ್ಲ. ಆದರೆ ಅದು ಇಂಗ್ಲಿಷಿನಲ್ಲಿದೆ. ಯಾರ ಕತೆಯೋ ಅವರು ಮನೆಯಲ್ಲಿ ಆಡುವ ಕೊಂಕಣಿಯಲ್ಲಿ, ಪೇಟೆಯಲ್ಲಿ ಆಡುವ ಕನ್ನಡದಲ್ಲಿ ಅದನ್ನು ಕೂತು ಹೇಳುವುದು ಸಂಶೋಧನೆಯದೇ ಭಾಗವಾಗಬೇಕು.

ಕೇಳದೆ ಬಳಸಿದರೆ ಏನಾಗುತ್ತದೆಂದು ಅಮೆರಿಕದ ಹವಾಸುಪಾಯಿ ಬುಡಕಟ್ಟಿನವರು ತೋರಿಸಿದರು. 1990ರ ದಶಕದಲ್ಲಿ ಸಕ್ಕರೆ ಕಾಯಿಲೆಯ ಅಧ್ಯಯನ ಎಂದು ಅವರು ರಕ್ತ ಕೊಟ್ಟರು. ಅದೇ ರಕ್ತದಲ್ಲಿ ಮಾನಸಿಕ ಕಾಯಿಲೆಯನ್ನೂ, ಅವರ ಪೂರ್ವಜರು ಎಲ್ಲಿಂದ ಬಂದರೆಂಬುದನ್ನೂ ಹುಡುಕಿದ್ದು ಆಮೇಲೆ ತಿಳಿಯಿತು. ಕೋರ್ಟಿಗೆ ಹೋದರು. 2010ರಲ್ಲಿ ಅರಿಜೋನಾ ವಿಶ್ವವಿದ್ಯಾಲಯಗಳ ಆಡಳಿತ ಮಂಡಳಿ 7 ಲಕ್ಷ ಡಾಲರ್ ಪರಿಹಾರ ಕೊಟ್ಟು, ಉಳಿದ ರಕ್ತವನ್ನೂ ಹಿಂದಿರುಗಿಸಿತು.

ಸತ್ತವರ ವಿಷಯದಲ್ಲೂ ಹೀಗೆಯೇ. 2024ರ ಅಕ್ಟೋಬರಿನಲ್ಲಿ ಇಂಗ್ಲೆಂಡಿನ ಹರಾಜು ಕಟ್ಟೆಯೊಂದರಲ್ಲಿ ನಾಗಾ ಪೂರ್ವಜರೊಬ್ಬರ ತಲೆಬುರುಡೆ ಮಾರಾಟಕ್ಕೆ ಬಂತು. ನಾಗಾ ಜನ ಕೂಗೆಬ್ಬಿಸಿದ ಮೇಲೆ ಹಿಂದೆಗೆದರು. ಅಮೆರಿಕದಲ್ಲಿ ಮೂಲನಿವಾಸಿಗಳ ಅಸ್ಥಿಯನ್ನು ಅವರಿಗೇ ಮರಳಿಸುವ ಕಾನೂನು 1990ರಿಂದ ಇದೆ. ನಮ್ಮಲ್ಲಿ ಅಂಥದ್ದಿಲ್ಲ. ಆದರೆ ನಮ್ಮಲ್ಲೂ ಸುಮಾರು 300 ಪುರಾತನ ಅಸ್ಥಿಗಳ ಡಿಎನ್‌ಎ ಓದುವ ಕೆಲಸಕ್ಕೆ ಮಾನವಶಾಸ್ತ್ರ ಸರ್ವೇಕ್ಷಣೆ ಮತ್ತು ಲಖನೌದ ಬೀರಬಲ್ ಸಾಹ್ನಿ ಸಂಸ್ಥೆ ಕೈಹಾಕಿವೆ, ನಮ್ಮ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಸಿಕ್ಕವೂ ಅದರಲ್ಲಿವೆ. ಓದಲಿ. ಯಾರು ಮೂಲ, ಯಾರು ಪರಕೀಯ ಎಂಬ ಜಗಳಕ್ಕೆ ಆ ಎಲುಬುಗಳನ್ನು ಬಡಿಗೆ ಮಾಡಿಕೊಳ್ಳುವುದು ಬೇಡ. ಪಕ್ಷದ ತಿಂಗಳಲ್ಲಿ ಹಿರಿಯರಿಗೆ ಎಡೆ ಇಟ್ಟು ಕಾಗೆಗೆ ಕಾಯುವ ಊರುಗಳು ನಮ್ಮವು. ಮಸ್ಕಿಯ ಗುಂಡಿಯಲ್ಲಿ ಮಲಗಿದ್ದವರಿಗೂ ಯಾರೋ ಮಡಕೆಯಲ್ಲಿ ಏನನ್ನೋ ಇಟ್ಟು ಕಳಿಸಿದ್ದರು.

ನಮ್ಮ ಬೇಡಿಕೆ ದೊಡ್ಡದೇನಲ್ಲ. ಮನುಷ್ಯರ ತದ್ರೂಪು ನಿಷೇಧ ಕಾನೂನಾಗಲಿ. ಅಸ್ಥಿ ಸಿಕ್ಕ ಊರಿನ ಗ್ರಾಮಸಭೆಗೆ ಮೊದಲು ತಿಳಿಸಲಿ. ನಿಮ್ಮ ಮನೆಗೆ ಯಾರಾದರೂ ಎಂಜಲಿನ ಕಡ್ಡಿ, ರಕ್ತದ ಸೂಜಿ ಹಿಡಿದು ಬಂದರೆ ಚಹಾ ಕೊಟ್ಟು ಕೂರಿಸಿ, ಕೇಳಿ: ಯಾತಕ್ಕೆ, ಎಷ್ಟು ವರ್ಷ ಇಡುತ್ತೀರಿ, ಬೇರೆಯವರಿಗೆ ಕೊಡುತ್ತೀರಾ, ಫಲಿತಾಂಶ ಹೇಳಲು ಮತ್ತೆ ಬರುತ್ತೀರಾ? ಸಹಿಯ ಕಾಗದ ಇಂಗ್ಲಿಷಿನಲ್ಲಿದ್ದರೆ ಕನ್ನಡದ್ದು ತನ್ನಿ ಎಂದು ವಾಪಸು ಕಳಿಸಿ.