ಒಪ್ಪಿಗೆ ಯಾರದು?

ಮನುಷ್ಯರನ್ನು ಪರೀಕ್ಷೆಗೊಡ್ಡುವ ಸಂಶೋಧಕರಿಗೆ ನೀತಿ ಸಮಿತಿಗಳು ಕೊಡುವ ಮೊದಲ ಸಲಹೆ, ತಿಳಿಸಿ ಒಪ್ಪಿಗೆ ಪಡೆಯತಕ್ಕದ್ದೆಂಬುದು. ೨೦೦೯ರಲ್ಲಿ ಅಂದಿನ ಆಂಧ್ರಪ್ರದೇಶದ ಖಮ್ಮಂ ಜಿಲ್ಲೆಯಲ್ಲಿ ಗರ್ಭಕಂಠದ ಕ್ಯಾನ್ಸರನ್ನು ತಡೆಯುವ ಲಸಿಕೆಯನ್ನು ೧೦ರಿಂದ ೧೪ ವರ್ಷದ ಬಾಲೆಯರಿಗೆ ಹಾಕಲಾಯಿತು. ಅದು ಪ್ರಯೋಗವಲ್ಲ, 'ಪ್ರಾತ್ಯಕ್ಷಿಕೆ'ಯಂತೆ! ಅನೇಕ ಒಪ್ಪಿಗೆಪತ್ರಗಳಿಗೆ ರುಜು ಹಾಕಿದವರು ತಾಯಿತಂದೆಗಳಲ್ಲ, ವಿದ್ಯಾರ್ಥಿನಿಲಯದ ಮೇಲ್ವಿಚಾರಕರು. ಬಳಿಕ ಕೆಲವು ಬಾಲೆಯರು ಮೃತರಾದರು. ಲಸಿಕೆಯೇ ಕಾರಣವೆಂದು ತನಿಖೆಯಲ್ಲಿ ಸ್ಥಿರಪಡಲಿಲ್ಲ, ನಿಜ. ಆದರೆ ಹಾಜರಿ ಪುಸ್ತಕಕ್ಕೆ ರುಜು ಹಾಕುವ ಕೈ ಪರರ ಮಕ್ಕಳ ದೇಹವನ್ನೂ ಒಪ್ಪಿಸಬಹುದೆ? ೨೦೧೩ರಲ್ಲಿ ಪಾರ್ಲಿಮೆಂಟಿನ ಸಮಿತಿಯು ಇದನ್ನು ಖಂಡಿಸಿತು. ೨೦೧೯ರ ನಿಯಮಗಳಂತೆ ನೀತಿ ಸಮಿತಿಯ ಅರ್ಧದಷ್ಟಾದರೂ ಸದಸ್ಯರು ಸಂಸ್ಥೆಗೆ ಹೊರಗಿನವರಾಗಿರಬೇಕು. ಒಳ್ಳೆಯದು. ಅವರಲ್ಲೊಬ್ಬರು ತಾಯಿಯ ಮನೆಗೇ ಹೋಗಿ, ಆಕೆ ತಿಳಿದುಕೊಂಡಿರುವುದೇನೆಂದು ಆಕೆಯ ನುಡಿಯಲ್ಲಿಯೇ ಕೇಳಿ ಬರಲಿ.